ರಾತ್ರಿಯ ಪೆಗ್ಗಿಗೆ ಬೆಳಗಿನ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲೋ ಆಲ್ದೂರಿನಲ್ಲೋ ಸಂಜೆ ಏಳೂವರೆಗೆ ಬಾರ್ ಮುಂದೆ ಸಾಲಾಗಿ ನಿಂತ ಬೈಕುಗಳನ್ನು ಗಮನಿಸಿ. ಹಾಲಿನ ಕ್ಯಾನು ತೂಗುಹಾಕಿದ ಬೈಕು ಒಂದಾದರೂ ಇರುತ್ತದೆ. ಆ ಬೈಕಿನವರು ಬೆಳಗ್ಗೆ ಆರಕ್ಕೆ ಅದೇ ಕ್ಯಾನು ಹಿಡಿದು ಡೈರಿಯ ಮುಂದೆ ನಿಲ್ಲಬೇಕು. ಪಕ್ಕದ ಬೈಕಿನವರು ಎಂಟಕ್ಕೆ ತೋಟದಲ್ಲಿ ಆಳುಗಳ ಹಾಜರಿ ಹಾಕಬೇಕು. ಇನ್ನೊಬ್ಬರು ಹಾಸನದ ಬಸ್ಸು ಹಿಡಿಯಬೇಕು. ಇವರೆಲ್ಲ ಒಳಗೆ ಕೂತು "ನನಗೆ ಒಂದು ಕ್ವಾರ್ಟರ್ ಆರಾಮಾಗಿ ತಡೆಯುತ್ತೆ" ಎಂದು ಮಾತಾಡಿಕೊಳ್ಳುತ್ತಾರೆ. ತಡೆಯುತ್ತದೋ ಇಲ್ಲವೋ ಎಂಬುದು ರಾತ್ರಿಯ ಲೆಕ್ಕ. ದಿನಚರಿ ಕೆಡಬಾರದೆಂದಿದ್ದರೆ ಲೆಕ್ಕವನ್ನು ನಾಳೆ ಬೆಳಗಿನ ಮೊದಲ ಕೆಲಸದಿಂದ ಹಿಡಿದು ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಅದು ಹೇಗೆಂದು ಇಲ್ಲಿ ಬರೆದಿದೆ.

ಶುರು ಮಾಡುವ ಮುಂಚೆ ಒಂದು ಮಾತು. ಇದು ಈಗಾಗಲೇ ಕುಡಿಯುವವರಿಗೆ ಬರೆದದ್ದು. ಕುಡಿಯದವರು ಶುರುಮಾಡಲು ಆರೋಗ್ಯದ ಕಾರಣ ಒಂದೂ ಇಲ್ಲ. ಇಷ್ಟು ಕುಡಿದರೆ ಪೂರ್ತಿ ಸುರಕ್ಷಿತ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಸುರಿಯರು, ಲಿವರ್ ತೊಂದರೆ ಇರುವವರು, ಕಾಮಾಲೆ ಬಂದು ಹೋದವರು, 21 ತುಂಬದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಮೊದಲು ನಿಮ್ಮ ಲೋಟ ಅಳೆಯಿರಿ

ಮನೆಯಲ್ಲಿ ಕುಡಿಯುವವರಲ್ಲಿ ಬಹುತೇಕರಿಗೆ ತಾವು ಎಷ್ಟು ಕುಡಿಯುತ್ತೇವೆಂದು ಗೊತ್ತಿರುವುದಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ, ಅಳತೆಯೇ ತಪ್ಪಿರುತ್ತದೆ. "ಒಂದು ಬೆರಳು ಹಾಕು" ಎನ್ನುವ ಅಳತೆಯನ್ನೇ ತೆಗೆದುಕೊಳ್ಳಿ. ಮನೆಯ ಸ್ಟೀಲ್ ಲೋಟದ ಒಳಗಿನ ಅಗಲ ಸುಮಾರು 7 ಸೆಂ.ಮೀ., ಬೆರಳಿನ ದಪ್ಪ ಸುಮಾರು 1.8 ಸೆಂ.ಮೀ. ಲೆಕ್ಕ ಹಾಕಿದರೆ ಒಂದು ಬೆರಳು ಅಂದರೆ ಹತ್ತಿರ ಹತ್ತಿರ 70 ಮಿ.ಲೀ. ಎರಡು ಬೆರಳು ಹಾಕಿಸಿಕೊಂಡವರು 140 ಮಿ.ಲೀ. ಕುಡಿದು, "ಎರಡೇ ಎರಡು ಸಣ್ಣ ಪೆಗ್ಗು" ಎಂದು ನಂಬಿ ಮಲಗುತ್ತಾರೆ.

ಹಗಲು ಹೊತ್ತಿನಲ್ಲಿ, ತಲೆ ಸರಿಯಿರುವಾಗ, ಹೀಗೆ ಮಾಡಿ. ನೀವು ದಿನಾ ಬಳಸುವ ಲೋಟಕ್ಕೆ ರಾತ್ರಿ ಸುರಿದುಕೊಳ್ಳುವಷ್ಟೇ ನೀರನ್ನು ಅಂದಾಜಿನ ಮೇಲೆ ಸುರಿಯಿರಿ. ಮಕ್ಕಳ ಜ್ವರದ ಸಿರಪ್ ಜೊತೆ ಬರುವ ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳದಿಂದ ಆ ನೀರನ್ನು ಅಳೆಯಿರಿ. ಮೂರು ಸಲ ಮಾಡಿದರೆ ನಿಮ್ಮ ಕೈ ಎಷ್ಟು ಧಾರಾಳ ಎಂದು ತಿಳಿಯುತ್ತದೆ. ಆಮೇಲೆ ಪಾತ್ರೆ ಅಂಗಡಿಯಿಂದ ಒಂದು ಕಡೆ 30, ಇನ್ನೊಂದು ಕಡೆ 60 ಮಿ.ಲೀ. ಹಿಡಿಯುವ ಸ್ಟೀಲ್ ಪೆಗ್ ಮೆಷರ್ ತನ್ನಿ. ತಂದದ್ದನ್ನೂ ಸಿರಪ್ ಮುಚ್ಚಳದಿಂದ ಒಮ್ಮೆ ಪರೀಕ್ಷಿಸಿ. ಇನ್ನು ಮುಂದೆ ಬಾಟಲಿಯಿಂದ ನೇರ ಲೋಟಕ್ಕೆ ಸುರಿಯುವುದು ಬೇಡ.

ಪ್ಯಾಕೆಟ್ ಕುಡಿಯುವವರಿಗೆ ಬೇರೆ ತಾಪತ್ರಯ. 90 ಮಿ.ಲೀ. ಟೆಟ್ರಾ ಪ್ಯಾಕಿನ ಮೂಲೆ ಒಮ್ಮೆ ಕತ್ತರಿಸಿದರೆ ಮತ್ತೆ ಮುಚ್ಚಲು ಬರುವುದಿಲ್ಲ, ಹಾಗಾಗಿ ಎಷ್ಟು ಕುಡಿಯಬೇಕೆಂಬುದನ್ನು ಪ್ಯಾಕೆಟ್ಟೇ ತೀರ್ಮಾನಿಸುತ್ತದೆ. ಬಿರಡೆ ಗಟ್ಟಿಯಿರುವ ಸಣ್ಣ ಗಾಜಿನ ಬಾಟಲಿಯೊಂದನ್ನು ತೊಳೆದು ಒಣಗಿಸಿಟ್ಟುಕೊಳ್ಳಿ. ಪ್ಯಾಕೆಟ್ ಒಡೆದ ತಕ್ಷಣ 30 ಅಥವಾ 60 ಅಳೆದು ಲೋಟಕ್ಕೆ, ಉಳಿದದ್ದು ಬಾಟಲಿಗೆ, ಬಾಟಲಿಯ ಮೇಲೆ ಚೀಟಿ, ಬಾಟಲಿ ಬೀಗದೊಳಗೆ. ನೀರಿನ ಬಾಟಲಿಯಲ್ಲೋ ತಂಪು ಪಾನೀಯದ ಬಾಟಲಿಯಲ್ಲೋ ಎಂದೂ ಹಾಕಿಡಬೇಡಿ. ಮಕ್ಕಳು ಬಾಯಾರಿ ಬಂದಾಗ ಮೊದಲು ಎತ್ತುವುದು ಅದನ್ನೇ.

ಮಿ.ಲೀ.ನಿಂದ ಗಂಟೆಗೆ

ಮದ್ಯದ ಹೆಸರು ಏನೇ ಇರಲಿ, ಲಿವರ್‌ಗೆ ಕಾಣುವುದು ಅದರೊಳಗಿನ ಆಲ್ಕೋಹಾಲ್ ಮಾತ್ರ. ಲೆಕ್ಕ ಸುಲಭ: ಮಿ.ಲೀ.ಯನ್ನು ಲೇಬಲ್ ಮೇಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ ಶೇ. 42.8. ಹಾಗಾಗಿ,

30 ಮಿ.ಲೀ. – 10 ಗ್ರಾಂ
60 ಮಿ.ಲೀ. – 20 ಗ್ರಾಂ
ನೈಂಟಿ – 30 ಗ್ರಾಂ
ಕ್ವಾರ್ಟರ್, ಅಂದರೆ 180 ಮಿ.ಲೀ. – 61 ಗ್ರಾಂ
650 ಮಿ.ಲೀ. ಬಿಯರ್, ಶೇ. 5ರದ್ದು – 26 ಗ್ರಾಂ
650 ಮಿ.ಲೀ. ಸ್ಟ್ರಾಂಗ್ ಬಿಯರ್, ಶೇ. 8ರದ್ದು – 41 ಗ್ರಾಂ
150 ಮಿ.ಲೀ. ವೈನ್, ಶೇ. 12ರದ್ದು – 14 ಗ್ರಾಂ

"ಬಿಯರ್ ತಾನೆ, ಎಣ್ಣೆ ಅಲ್ವಲ್ಲ" ಎನ್ನುವವರು ಆರನೇ ಸಾಲನ್ನು ಇನ್ನೊಮ್ಮೆ ಓದಬೇಕು. ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಅಂದರೆ 120 ಮಿ.ಲೀ. ವಿಸ್ಕಿ. ಹೋಮ್‌ಸ್ಟೇಗಳಲ್ಲಿ ಕೊಡುವ ಮನೆಯ ವೈನ್ ಬಗ್ಗೆ ಇನ್ನೂ ಜಾಗ್ರತೆ ಬೇಕು. ಅದಕ್ಕೆ ಲೇಬಲ್ ಇರುವುದಿಲ್ಲ, ಸಕ್ಕರೆ ಜಾಸ್ತಿಯಾದ್ದರಿಂದ ಖಾರ ಗೊತ್ತಾಗುವುದಿಲ್ಲ, ಕೆಲವರು ಮೇಲಿಂದ ಬ್ರಾಂದಿ ಬೆರೆಸಿರುತ್ತಾರೆ. ಶೇ. 15 ಎಂದೇ ಹಿಡಿದು, ಸಣ್ಣ ಲೋಟಕ್ಕೆ ನಿಲ್ಲಿಸಿ. ಇನ್ನು ಕಳ್ಳಭಟ್ಟಿಯ ಮಾತೇ ಬೇಡ. ಅದರಲ್ಲಿ ಮೆಥನಾಲ್ ಎಂಬ ವಿಷ ಸೇರಿದ್ದರೆ ಕುಡಿದ ಅರ್ಧ ದಿನ, ಒಂದು ದಿನದ ಮೇಲೆ ಕಣ್ಣು ಮಂಜಾಗಲು ಶುರುವಾಗುತ್ತದೆ. ಆಗ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಈಗ ಗಂಟೆ. ಸುಮಾರು 70 ಕೆ.ಜಿ. ತೂಕದ ಗಂಡಸಿನ ದೇಹ ಗಂಟೆಗೆ ಹೆಚ್ಚುಕಡಿಮೆ 7 ಗ್ರಾಂ ಆಲ್ಕೋಹಾಲ್ ಕರಗಿಸುತ್ತದೆ. ಅಂದರೆ ಪ್ರತಿ ಮೂವತ್ತಕ್ಕೆ (30 ಮಿ.ಲೀ. ವಿಸ್ಕಿಗೆ) ಒಂದೂವರೆ ಗಂಟೆ. ತೂಕ 55 ಕೆ.ಜಿ. ಇದ್ದರೆ ಪ್ರತಿ ಮೂವತ್ತಕ್ಕೆ ಎರಡು ಗಂಟೆ ಹಿಡಿಯಿರಿ. ಅದೇ ತೂಕದ ಹೆಂಗಸರಿಗೆ ಇನ್ನೊಂದು ಕಾಲು ಗಂಟೆ ಸೇರಿಸಿ, ಯಾಕೆಂದರೆ ಅವರ ಮೈಯಲ್ಲಿ ನೀರಿನ ಪ್ರಮಾಣ ಕಡಿಮೆ, ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಈ ವೇಗವನ್ನು ಹೆಚ್ಚಿಸುವ ಉಪಾಯ ಯಾವುದೂ ಇಲ್ಲ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ವಾಂತಿ ಯಾವುದೂ ರಕ್ತಕ್ಕೆ ಸೇರಿದ್ದನ್ನು ಹೊರಗೆ ತರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಬೇಸರವಾದರೂ ಹೇಳಲೇಬೇಕು, ಕಾಫಿಯೂ ಇಳಿಸುವುದಿಲ್ಲ. ಸ್ಟ್ರಾಂಗ್ ಕಾಫಿ ಕುಡಿದರೆ ಅಮಲಿದ್ದವನಿಗೆ ನಿದ್ದೆ ಹಾರುತ್ತದೆ, ಅಮಲು ಹಾಗೆಯೇ ಇರುತ್ತದೆ. ಎಚ್ಚರವಾಗಿದ್ದೇನೆಂಬ ಧೈರ್ಯದಲ್ಲಿ ಬೈಕ್ ಕೀ ಕೈಗೆ ಬರುತ್ತದೆ, ಅಷ್ಟೇ ಲಾಭ.

ಒಂದು ಲೆಕ್ಕ ಮಾಡಿ ನೋಡೋಣ. 55 ಕೆ.ಜಿ.ಯ ಒಬ್ಬರು ರಾತ್ರಿ ಹತ್ತಕ್ಕೆ ಕ್ವಾರ್ಟರ್ ಶುರುಮಾಡಿದರು. ಅದರಲ್ಲಿ 30 ಮಿ.ಲೀ.ನ ಆರು ಪೆಗ್ಗು, ತಲಾ ಎರಡು ಗಂಟೆ, ಒಟ್ಟು ಹನ್ನೆರಡು ಗಂಟೆ. ಮೈ ಪೂರ್ತಿ ಖಾಲಿಯಾಗುವುದು ಮರುದಿನ ಬೆಳಗ್ಗೆ ಹತ್ತಕ್ಕೆ. ಆರಕ್ಕೆ ಡೈರಿಗೆ ಹೊರಟಾಗ ಅವರು ಇನ್ನೂ ಕುಡಿದೇ ಇದ್ದಾರೆ. ನಿದ್ದೆ ಮಾಡಿ ಎದ್ದಿದ್ದೇನೆ, ಮುಖ ತೊಳೆದಿದ್ದೇನೆ, ಹಾಗಾಗಿ ಇಳಿದಿದೆ ಎಂದುಕೊಳ್ಳುವುದೇ ಇಲ್ಲಿನ ಮೋಸ.

ಸಂಜೆಯ ಸಮಯಪಟ್ಟಿ

ಗಂಟೆಯ ಲೆಕ್ಕ ಮಾತ್ರ ನೋಡಿದರೆ, ಎಂಟಕ್ಕೆ ಶುರುಮಾಡುವ 70 ಕೆ.ಜಿ.ಯವರಿಗೆ ಕ್ವಾರ್ಟರ್ ಕೂಡ ಬೆಳಗ್ಗೆ ಐದಕ್ಕೆ ಕರಗುತ್ತದೆ. ಹಾಗಂತ ದಿನಚರಿ ಉಳಿಯುವುದಿಲ್ಲ, ನಿದ್ದೆ ಕೆಡುತ್ತದೆ. ಮದ್ಯ ಬೇಗ ನಿದ್ದೆ ಬರಿಸುತ್ತದೆ ನಿಜ. ಆದರೆ ರಾತ್ರಿ ಎರಡು, ಮೂರು ಗಂಟೆಗೆ ಅದು ಇಳಿಯುವಾಗ ಎಚ್ಚರವಾಗುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಬಾಯಿ ಒಣಗುತ್ತದೆ, ಎರಡು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಗೊರಕೆಯೂ ಜಾಸ್ತಿ. ಬೆಳಗ್ಗೆ ತಲೆ ಭಾರವಾಗಿ ಏಳುವುದಕ್ಕೆ ಒಂದು ದೊಡ್ಡ ಕಾರಣ ಈ ಮುರಿದ ನಿದ್ದೆ. ಹಾಗಾಗಿ ಗುರಿ ಇಷ್ಟೇ: ಮಲಗುವ ಹೊತ್ತಿಗೆ ಮೈಯಲ್ಲಿ ಮದ್ಯ ಉಳಿದಿರಬಾರದು.

ಹತ್ತೂವರೆಗೆ ಮಲಗಿ ಐದಕ್ಕೆ ಏಳುವವರಿಗೆ ಹೊಂದುವ ಸಂಜೆ ಇದು.

ಏಳು ಗಂಟೆಗೆ ಮೊದಲು ತಿನ್ನಿ. ಅರ್ಧ ಊಟವನ್ನಾದರೂ ಮಾಡಿ: ಒಂದು ಅಕ್ಕಿ ರೊಟ್ಟಿ ಅಥವಾ ಅರ್ಧ ಮುದ್ದೆ, ಜೊತೆಗೆ ಹುರುಳಿಕಾಳು ಸಾರು, ಇಲ್ಲವೇ ಎರಡು ಮೊಟ್ಟೆ. ಕಾಳು, ಮೊಟ್ಟೆ, ಮಾಂಸ, ಸ್ವಲ್ಪ ಎಣ್ಣೆ ಜಿಡ್ಡು ಹೊಟ್ಟೆಯಲ್ಲಿದ್ದರೆ ಮದ್ಯ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ರಕ್ತಕ್ಕೆ ಸೇರುವುದು ಬಹುಪಾಲು ಅಲ್ಲಿಂದಲೇ.

ಏಳೂವರೆಗೆ ಮೊದಲ 30 ಅಳೆದು, 150ರಿಂದ 200 ಮಿ.ಲೀ. ನೀರು ಬೆರೆಸಿ. ಮುಕ್ಕಾಲು ಗಂಟೆ ಬರಬೇಕು. ಸೋಡಾದ ಗ್ಯಾಸಿನಿಂದ ಹಲವರಿಗೆ ಬೇಗ ಏರುತ್ತದೆ, ನೀರೇ ವಾಸಿ. ನೀರು ಬೆರೆಸದೆ ರಾ ಹೊಡೆಯುವುದರಿಂದ ಹೊಟ್ಟೆಯ ಒಳಪದರ ಸುಡುತ್ತದೆ. ಎನರ್ಜಿ ಡ್ರಿಂಕ್ ಬೆರೆಸಿದರೆ ಮೇಲೆ ಹೇಳಿದ ಕಾಫಿಯ ಕಥೆಯೇ.

ಎಂಟೂಕಾಲಿಗೆ ಒಂದು ಲೋಟ ಬರೀ ನೀರು. ಬೇಕಿದ್ದರೆ ಎರಡನೆಯ 30. ಅದರ ಜೊತೆಗೇ ಉಳಿದ ಅರ್ಧ ಊಟ.

ಒಂಬತ್ತಕ್ಕೆ ಮುಗಿಯಿತು. ಲೋಟ ತೊಳೆದಿಡಿ, ಬಾಟಲಿ ಬೀರುವಿಗೆ. ತೊಳೆದ ಲೋಟ ಮತ್ತೆ ತೆಗೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ, ಎದುರಿಗೇ ಇರುವ ಬಾಟಲಿಗೆ ಹಿಂಜರಿಕೆ ಇಲ್ಲ.

70 ಕೆ.ಜಿ.ಯವರಿಗೆ ಈ 60 ಮಿ.ಲೀ. ಹತ್ತೂವರೆಯ ಹೊತ್ತಿಗೆ ಕರಗಿರುತ್ತದೆ. 55 ಕೆ.ಜಿ.ಯವರು ಎರಡನೆಯ ಮೂವತ್ತನ್ನು ಬಿಡಬೇಕು, ಅಥವಾ ಒಂದು ಗಂಟೆ ಮುಂಚೆ ಶುರುಮಾಡಬೇಕು. ಒಂಬತ್ತೂವರೆಯವರೆಗೆ ಕೆಲಸವೇ ಮುಗಿಯಲಿಲ್ಲ ಎಂದಾದರೆ ಅಂದಿನದು ಬಿಟ್ಟಂತೆ. ಮಲಗುವ ಮುಂಚೆ ಗಡಿಬಿಡಿಯಲ್ಲಿ ಹಾಕುವ ಒಂದು ಪೆಗ್ಗು, ಏಳೂವರೆಗೆ ಕೂತು ಕುಡಿದ ಎರಡಕ್ಕಿಂತ ಹೆಚ್ಚು ನಿದ್ದೆ ಕೆಡಿಸುತ್ತದೆ.

ಬಾರಿನಲ್ಲಿ ಎಡವುವ ಜಾಗಗಳು

ನಮ್ಮ ಬಾರುಗಳ ಪದ್ಧತಿಯೇ ತಲೆಕೆಳಗು. ಮೊದಲು ಗುಂಡು, ಎರಡು ರೌಂಡ್ ಆದಮೇಲೆ ಸೈಡ್ಸ್, ಹತ್ತೂವರೆಗೆ "ಊಟ ಏನಿದೆಯಪ್ಪಾ". ಅಷ್ಟರಲ್ಲಿ ಖಾಲಿ ಹೊಟ್ಟೆಯಿಂದ ಎಲ್ಲ ಏರಿ ಆಗಿರುತ್ತದೆ, ಅಡುಗೆಮನೆಯಲ್ಲಿ ಉಳಿದಿರುವುದು ಕುಸ್ಕಾ ಒಂದೇ. ಕೂತ ತಕ್ಷಣ ಆಮ್ಲೆಟ್ಟೋ ಬೇಯಿಸಿದ ಮೊಟ್ಟೆಯೋ ಹುರಿದ ಮೀನೋ ಹೇಳಿ, ಅದು ಟೇಬಲ್ಲಿಗೆ ಬಂದಮೇಲೆ ಪೆಗ್ ಹೇಳಿ. ಕಾಂಗ್ರೆಸ್ ಕಡ್ಲೆಕಾಯಿ ರುಚಿಯೇನೋ ಹೌದು, ಆದರೆ ಉಪ್ಪು ಖಾರಕ್ಕೆ ಬಾಯಾರಿಕೆ ಹೆಚ್ಚಿ ಕೈ ಲೋಟದ ಕಡೆಗೇ ಹೋಗುತ್ತದೆ. ನೀರಿನ ಲೋಟ ಬೇರೆ ಇಟ್ಟುಕೊಳ್ಳಿ, ಬಾಯಾರಿದಾಗ ಅದನ್ನೇ ಎತ್ತಿ.

ಲೋಟದಲ್ಲಿ ಅರ್ಧ ಇರುವಾಗಲೇ ಮೇಲೆ ಸುರಿಸಿಕೊಳ್ಳಬೇಡಿ. ಲೆಕ್ಕ ತಪ್ಪುವುದು ಯಾವಾಗಲೂ ಅಲ್ಲೇ. ಖಾಲಿಯಾದ ಪ್ರತಿ ಪೆಗ್ಗಿಗೆ ಒಂದು ಬೆಂಕಿಕಡ್ಡಿಯನ್ನು ಎಡ ಜೇಬಿಗೆ ಹಾಕಿಕೊಳ್ಳಿ; ಮೂರನೆಯ ಪೆಗ್ಗಿನ ಹೊತ್ತಿಗೆ ನೆನಪನ್ನು ನಂಬುವ ಹಾಗಿಲ್ಲ, ಕಡ್ಡಿಯನ್ನು ನಂಬಬಹುದು.

ಕಂಪನಿ ಕೊಡುವ ಕಾಟ ಬೇರೆ. ನಾಲ್ವರು ಕೂತರೆ ಪ್ರತಿಯೊಬ್ಬನೂ ಒಂದು ರೌಂಡ್ ಕೊಡಿಸಬೇಕೆಂಬ ಲೆಕ್ಕದಲ್ಲಿ ನಾಲ್ಕು ರೌಂಡ್ ಆಗಿಯೇ ಆಗುತ್ತದೆ. ಮೊದಲೇ "ನನ್ನದು ನಾನೇ ಕೊಡ್ತೀನಿ, ನನಗೆ ಎರಡೇ" ಎಂದುಬಿಟ್ಟರೆ ಹತ್ತು ನಿಮಿಷ ತಮಾಷೆ ಮಾಡಿ ಸುಮ್ಮನಾಗುತ್ತಾರೆ. ಉದ್ದುದ್ದ ಕಾರಣ ಕೊಡಲು ಹೋದರೆ ವಾದ ಶುರುವಾಗುತ್ತದೆ. "ಬೆಳಗ್ಗೆ ಡೈರಿ ಇದೆ ಮಾರಾಯ", "ಮಾತ್ರೆ ತಗೊಳ್ತಿದೀನಿ" ಇಷ್ಟು ಸಾಕು.

ಬಟವಾಡೆ ದಿನ ಸಂತೆಯೂ ಅದೇ ದಿನವಾದರೆ ಮೊದಲು ಸಂತೆ, ಆಮೇಲೆ ಮನೆಗೆ ದುಡ್ಡು, ಕೊನೆಗೆ ಬಾರು. ಎರಡು ಪೆಗ್ಗು ಮತ್ತು ಸೈಡ್ಸಿಗೆ ಆಗುವಷ್ಟು ನಗದು ಮಾತ್ರ ಜೇಬಿನಲ್ಲಿರಲಿ. ಫೋನಿನಲ್ಲಿ ಯುಪಿಐ ಇದ್ದಾಗ ಜೇಬು ಖಾಲಿಯಾಗುವುದು ಕಣ್ಣಿಗೆ ಕಾಣುವುದೇ ಇಲ್ಲ.

ಬೀಗರೂಟ, ಹೊಸತೊಡಕು

ವರ್ಷವಿಡೀ ಹಿಡಿತದಲ್ಲಿರುವವರೂ ಜಾರುವ ದಿನಗಳಿವು. ಬೀಗರೂಟದಲ್ಲಿ ಮಟನ್ ಎಲೆಗೆ ಬೀಳುವುದು ಮಧ್ಯಾಹ್ನ ಎರಡಕ್ಕೆ, ಕಾರಿನ ಡಿಕ್ಕಿ ತೆರೆಯುವುದು ಹನ್ನೊಂದೂವರೆಗೆ. ಬೆಳಗಿನ ಉಪ್ಪಿಟ್ಟು ಎಂದೋ ಕರಗಿದ ಹೊಟ್ಟೆ, ಬಿಸಿಲು, ಪ್ಲಾಸ್ಟಿಕ್ ಲೋಟದಲ್ಲಿ ಅಳತೆಯಿಲ್ಲದ ಸುರಿತ. ಎಲ್ಲವೂ ಒಟ್ಟಿಗೆ ಕೂಡಿಬರುತ್ತವೆ. ಮನೆಯಿಂದ ತಿಂದೇ ಹೊರಡಿ. ಡಿಕ್ಕಿಯ ಹತ್ತಿರ ಹೋಗುವುದಿದ್ದರೆ ಊಟಕ್ಕೆ ಎಲೆ ಹಾಕಲು ಶುರುಮಾಡಿದ ಮೇಲೆ ಹೋಗಿ, ಒಂದು ತೆಗೆದುಕೊಂಡು ಪಂಕ್ತಿಗೆ ಬನ್ನಿ. ಯುಗಾದಿ ಮರುದಿನದ ಹೊಸತೊಡಕಿನಲ್ಲಿ ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಒಂದೊಂದೇ ನಡೆಯುತ್ತಿರುತ್ತದೆ. "ಸ್ವಲ್ಪ ಸ್ವಲ್ಪವೇ ತಗೊಂಡೆ" ಎಂದವರ ಒಟ್ಟು ಲೆಕ್ಕ ಕ್ವಾರ್ಟರ್ ದಾಟಿರುತ್ತದೆ. ಅಂಥ ದಿನ ಗಡಿಯಾರದ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ, ಊಟದ ಮುಂಚೆ ಒಂದು ಗಂಟೆ ಅಷ್ಟೇ ಎಂದು.

ದಾರಿ, ಮಳೆ, ಆನೆ

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್. 70 ಕೆ.ಜಿ.ಯವರು ಖಾಲಿ ಹೊಟ್ಟೆಯಲ್ಲಿ 60 ಮಿ.ಲೀ. ಬೇಗ ಕುಡಿದರೆ ಲೆಕ್ಕದ ಪ್ರಕಾರ 40 ದಾಟುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 2 ವರ್ಷ ಮತ್ತು 15,000 ರೂ.ವರೆಗೆ ಹೋಗುತ್ತದೆ. "ಒಂದೇ ಪೆಗ್ಗು, ನಡೆಯುತ್ತೆ" ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಇಳಿದ ರಾತ್ರಿ ಕುಡಿಯದವರಿಗೇ ರಸ್ತೆ ಕಾಣುವುದಿಲ್ಲ. ಬೈಕ್ ಮನೆಯಲ್ಲೇ ಬಿಟ್ಟು ಹೋಗಿ, ಬರುವಾಗ ಆಟೋ. ಆಟೋ ಸಿಗದ ಊರಾದರೆ ಕುಡಿಯದ ಒಬ್ಬನನ್ನು ಹೊರಡುವ ಮುಂಚೆಯೇ ಗೊತ್ತುಮಾಡಿ. ಅಲ್ಲಿ ಹೋಗಿ ಕೂತಮೇಲೆ ಯಾರೂ ಒಪ್ಪುವುದಿಲ್ಲ.

ನಡೆದೇ ಹೋಗುತ್ತೇನೆ ಎನ್ನುವವರಿಗೂ ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರದ ತೋಟದ ದಾರಿಗಳಲ್ಲಿ ಬೇರೆ ಅಪಾಯ ಕಾದಿರುತ್ತದೆ. ಕತ್ತಲಲ್ಲಿ ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಲ್ಲೂ ಕಾಣುವುದಿಲ್ಲ. ಅಮಲಿನಲ್ಲಿ ಕೊಂಬೆ ಮುರಿಯುವ ಸದ್ದು, ಲದ್ದಿಯ ವಾಸನೆ ಎರಡೂ ತಲೆಗೆ ಹತ್ತುವುದಿಲ್ಲ, ಓಡಬೇಕಾದಾಗ ಕಾಲು ಮಾತು ಕೇಳುವುದಿಲ್ಲ. ಆನೆ ಓಡಾಟದ ಸಂದೇಶ ಬಂದ ದಿನ ಪೇಟೆಯಲ್ಲಿ ಕುಡಿಯುವ ಯೋಜನೆ ಬಿಡಿ, ಮನೆಯಲ್ಲೇ ಇರಿ.

ಜೂನ್‌ನಿಂದ ಆಗಸ್ಟ್‌ವರೆಗೆ "ಚಳಿಗೆ ಒಂದು" ಎನ್ನುವುದು ಮಲೆನಾಡಿನ ಮಾಮೂಲಿ ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬಿಸಿಯಾದಂತೆ ಅನಿಸುತ್ತದೆ, ಆದರೆ ಅದೇ ಕಾರಣಕ್ಕೆ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ. ನೆನೆದ ಬಟ್ಟೆಯಲ್ಲಿ ಕುಡಿದರೆ ಚಳಿ ಇನ್ನೂ ಬೇಗ ಹಿಡಿಯುತ್ತದೆ. ಮೊದಲು ಬಟ್ಟೆ ಬದಲಿಸಿ, ಒಲೆ ಮುಂದೆ ಕೂತು ಬಿಸಿ ಏನಾದರೂ ಕುಡಿಯಿರಿ.

ಲೆಕ್ಕ ತಪ್ಪಿದ ಮರುದಿನ

ತಪ್ಪುತ್ತದೆ. ಆಗ ಮೊದಲು ಮಾಡಬೇಕಾದ್ದು ನಿನ್ನೆಯ ಗಂಟೆ ಎಣಿಸುವುದು: ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಮೂವತ್ತು ಆಯಿತು. ಕರಗುವ ಹೊತ್ತಿಗೆ ಇನ್ನೊಂದು ಗಂಟೆ ಸೇರಿಸಿ, ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ. ಹಾಲಿನ ಕ್ಯಾನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿ.

ಮೆಣಸು ಕೊಯ್ಯಲು ಏಣಿ ಹತ್ತುವುದು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವುದು ಇವು ಅಂದು ಪೂರ್ತಿ ಬೇಡ. ರಕ್ತದಲ್ಲಿ ಮದ್ಯ ಇಲ್ಲದಿದ್ದರೂ ಕೆಟ್ಟ ನಿದ್ದೆಯಿಂದ ಕಾಲಿನ ಸಮತೋಲ, ಕೈಯ ಹಿಡಿತ ಸಡಿಲವಾಗಿರುತ್ತದೆ. ಅಲ್ಯೂಮಿನಿಯಂ ಏಣಿಯನ್ನು ಎತ್ತಿ ಸಿಲ್ವರ್ ಓಕ್‌ಗೆ ಒರಗಿಸುವಾಗ ತುದಿ ಒಂದಡಿ ಅತ್ತ ವಾಲಿದರೆ ಕರೆಂಟ್ ತಂತಿ. ಅಂದು ಹಾಜರಿ ಪುಸ್ತಕ, ಕಣದಲ್ಲಿ ಬೀಜ ಹರಡುವುದು, ಗೋದಾಮಿನ ಕೆಲಸ ಸಾಕು.

ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿಗೆ ಹಾಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಯಿರಿ. ಗಂಜಿ, ಇಡ್ಲಿ, ಬಾಳೆಹಣ್ಣು ತಿನ್ನಿ. ತಲೆನೋವಿಗೆ ಪ್ಯಾರಾಸಿಟಮಾಲ್ ಬೇಡ, ಲಿವರ್ ಈಗಾಗಲೇ ದುಡಿಯುತ್ತಿದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಉರಿದ ಹೊಟ್ಟೆಯಲ್ಲಿ ರಕ್ತ ಒಸರಿಸಬಹುದು. "ಬೆಳಗ್ಗೆ ಒಂದು ಹಾಕಿದರೆ ಸರಿಹೋಗುತ್ತೆ" ಎಂಬ ಹಳೆಯ ಮದ್ದು ತಲೆನೋವನ್ನು ಸಂಜೆಗೆ ಮುಂದೂಡುತ್ತದೆ, ಜೊತೆಗೆ ಬೆಳಗಿನ ಚಟಕ್ಕೆ ಬಾಗಿಲು ತೆರೆಯುತ್ತದೆ.

ಮಾತ್ರೆ ತೆಗೆದುಕೊಳ್ಳುವವರು

ಶುಗರ್ ಇದ್ದು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕುಡಿದು ಊಟ ಬಿಟ್ಟು ಮಲಗಿದರೆ ರಾತ್ರಿ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ತೊದಲು, ಗೊಂದಲ ಕಂಡು ಮನೆಯವರು "ಕುಡಿದದ್ದು ಜಾಸ್ತಿಯಾಗಿದೆ" ಎಂದು ಬಾಗಿಲು ಹಾಕಿಕೊಂಡು ಮಲಗಿಬಿಡುವುದು ಇಲ್ಲಿನ ದೊಡ್ಡ ಅಪಾಯ. ಗ್ಲುಕೋಮೀಟರ್ ಇದ್ದರೆ ತಕ್ಷಣ ನೋಡಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು ಕೊಡಿ. ಭೇದಿಗೆ, ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ನಡೆಯುತ್ತಿರುವಾಗ, ಮುಗಿದ ಮೇಲೆ 3 ದಿನದವರೆಗೂ, ಒಂದು ಹನಿಯೂ ಬೇಡ. ಮುಖ ಕೆಂಪಾಗಿ ವಾಂತಿ, ಎದೆ ಬಡಿತ ಶುರುವಾಗಬಹುದು. ನಿದ್ದೆ ಮಾತ್ರೆ, ನೆಗಡಿಯ ಸೆಟ್ರಿಜಿನ್, ಫಿಟ್ಸ್ ಮಾತ್ರೆಗಳ ಜೊತೆ ಮಂಪರು ಇಮ್ಮಡಿಯಾಗುತ್ತದೆ. ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಕೆಲಸ ಮಾಡಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಇಲಿ ಜ್ವರದ ಪರೀಕ್ಷೆ ಮಾಡಿಸಿ. "ಮೈಕೈ ನೋವಿಗೆ" ಎಂದು ಆ ಸಮಯದಲ್ಲಿ ಕುಡಿಯುವುದು ಲಿವರ್ ಮತ್ತು ಕಿಡ್ನಿ ಎರಡಕ್ಕೂ ಪೆಟ್ಟು.

ವಾರದ ಲೆಕ್ಕ, ಮಾಲೆಯ ಪರೀಕ್ಷೆ

ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ಹಾಕಿದ ಮಿತಿ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ. ನಮ್ಮ ಎಣ್ಣೆಯ ಲೆಕ್ಕದಲ್ಲಿ ಮೂವತ್ತರ ಹನ್ನೊಂದು ಪೆಗ್ಗು, 330 ಮಿ.ಲೀ. ಎರಡು ಕ್ವಾರ್ಟರ್ ಕುಡಿದರೆ ಆ ಮಿತಿ ದಾಟಿತು. ಬೆಳಗಿನ ಕೆಲಸ ಇರುವವರಿಗೆ ಅಷ್ಟೂ ಬೇಡ. ವಾರದಲ್ಲಿ ಮೂರು ಸಂಜೆ, ಸಂಜೆಗೆ 60ರಂತೆ 180 ಮಿ.ಲೀ., ಉಳಿದ ನಾಲ್ಕು ದಿನ ಪೂರ್ತಿ ಬಿಡುವು ಎಂಬ ಪಟ್ಟಿ ಸಾಕು. ಆ ನಾಲ್ಕು ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ಬಿಟ್ಟ ದಿನದ್ದನ್ನು ಕೂಡಿಟ್ಟು ಭಾನುವಾರ ಒಟ್ಟಿಗೆ ತೀರಿಸುವಂತಿಲ್ಲ.

ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಮುಟ್ಟುವುದಿಲ್ಲ. ಅದೊಂದು ಒಳ್ಳೆಯ ಅಳತೆಗೋಲು. ಮಾಲೆ ಹಾಕದವರೂ ವರ್ಷಕ್ಕೊಮ್ಮೆ ಇಷ್ಟು ದಿನ ಬಿಟ್ಟು ನೋಡಬಹುದು. ಮೊದಲ ವಾರ ಸಂಜೆ ಏಳಕ್ಕೆ ಏನೋ ಕಳೆದುಕೊಂಡಂತೆ ಆಗಿ, ಆಮೇಲೆ ಮರೆತುಹೋದರೆ ಹಿಡಿತ ನಿಮ್ಮ ಕೈಯಲ್ಲೇ ಇದೆ.

ಆದರೆ ದಿನಾ ಕ್ವಾರ್ಟರ್ ಅಥವಾ ಹೆಚ್ಚು ಕುಡಿಯುವವರು, ಬೆಳಗ್ಗೆ ಎದ್ದೊಡನೆ ಬೇಕೆನಿಸುವವರು ಈ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬಾರದು. ಏಕಾಏಕಿ ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಹಗಲು ರಾತ್ರಿ ಗೊತ್ತಾಗದಿರುವುದು ಬಂದರೆ ಅದು ಜೀವಕ್ಕೆ ಅಪಾಯ. ಹರಕೆ ಹೊತ್ತು ದಿಢೀರನೆ ಬಿಟ್ಟವರಿಗೆ ಹೀಗಾದಾಗ "ಗಾಳಿ ಸೋಕಿದೆ" ಎಂದು ಮಂತ್ರ ಹಾಕಿಸಲು ಹೋಗಿ ಸಮಯ ಕಳೆಯುತ್ತಾರೆ. ಅಂಥವರನ್ನು ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಬಿ1 ವಿಟಮಿನ್ ಮತ್ತು ನಡುಕ ಇಳಿಸುವ ಔಷಧಿಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಕೊಡುತ್ತಾರೆ. ಮನೆಯವರು ಗೊತ್ತಾಗದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದು ನಮ್ಮ ಕಡೆ ಗುಟ್ಟಾಗಿ ನಡೆಯುತ್ತದೆ. ಅದು ತಿಳಿಯದೆ ಆತ ಹೊರಗೆ ಹೋಗಿ ಕುಡಿದರೆ ಬಿಪಿ ಕುಸಿದು ಸಾಯಬಹುದು. ದಯವಿಟ್ಟು ಮಾಡಬೇಡಿ.

ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗಳಲ್ಲಿ ಮಾನಸಿಕ ರೋಗ ವಿಭಾಗವನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದಲೇ ಮಾತಾಡಲು ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಕುಡಿದವರು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾಗಿದ್ದರೆ 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಬೇಡಿ, ಎಡ ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ, ತಲೆ ತುಸು ಹಿಂದಕ್ಕೆ ಬಾಗಿಸಿ, ವಾಂತಿಯಾದರೆ ಹೊರಗೆ ಹರಿಯುವಂತೆ. ಬಾಯಿಗೆ ನಿಂಬೆರಸ, ಮಜ್ಜಿಗೆ ಯಾವುದನ್ನೂ ಹಾಕಬೇಡಿ. ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಒಬ್ಬರು ಕೂತಿರಿ. ಡಾಕ್ಟರು ಕೇಳುವುದು ಮೂರು ವಿಷಯ: ಏನು ಕುಡಿದರು, ಎಷ್ಟು ಮಿ.ಲೀ., ಕೊನೆಯದು ಎಷ್ಟು ಗಂಟೆಗೆ. ಖಾಲಿ ಬಾಟಲಿ, ಪ್ಯಾಕೆಟ್, ಮಾತ್ರೆಯ ಚೀಟಿ ಏನಿದ್ದರೂ ಜೊತೆಗೇ ತೆಗೆದುಕೊಂಡು ಹೋಗಿ.